‘ಬರೀ ಎ.ಎನ್.ಎಂ.’

ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂಬ ಮಾತನ್ನು ಮಠದ ಸಭೆಯಲ್ಲಿ ಕೇಳಿ ತಲೆದೂಗುವ ನಾವು, ಮನೆಗೆ ಬಂದು ಕನ್ಯೆಯ ವಿಷಯ ಎತ್ತಿದಾಗ ‘ಹುಡುಗಿ ನರ್ಸ್ ಹೌದು, ಆದರೆ ಬರೀ ಎ.ಎನ್.ಎಂ.’ ಎಂದು ದನಿ ತಗ್ಗಿಸುತ್ತೇವೆ. ಈ ‘ಬರೀ’ ಎಂಬ ಪದವು ಕಳೆದ ವರ್ಷ ನನ್ನ ಅಣ್ಣನ ಮಗಳ ಎದುರಿಗೆ ಪ್ರಶ್ನೆಯಾಗಿ ಬಂದು ನಿಂತಿತು.

ಅವಳು ಪಿ.ಯು.ಸಿ. ಮುಗಿಸಿ, 2 ವರ್ಷದ ತರಬೇತಿ ಪಡೆದು, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವಳು. ಮೊದಲ ಸಂದರ್ಶನದಲ್ಲಿ, ‘3 ವರ್ಷ ಜಿ.ಎನ್.ಎಂ. ಓದಿದವರು ಸಿಗುವಾಗ ನಿಮ್ಮನ್ನೇಕೆ ತೆಗೆದುಕೊಳ್ಳಬೇಕು?’ ಎಂದು ಕೇಳಿದರಂತೆ. ‘ಸೇವೆ ಮಾಡುವ ಆಸೆಯಿದೆ’ ಎಂದಳಂತೆ. ಸಂದರ್ಶನ ಅಲ್ಲಿಗೇ ಮುಗಿಯಿತು. ಅಂಕೋಲೆಯ ನಮ್ಮ ಮನೆಗೆ ಬಂದು, ‘ಅತ್ತೀ, ಮುಂದಿನ ವಾರ ಕಾರವಾರದಾಗ ಇನ್ನೊಂದು ಐತಿ. ಮತ್ತ ಹಂಗ ಕೇಳಿದ್ರ ಏನ್ ಹೇಳ್ಲಿ?’ ಎಂದಳು. ಅಣ್ಣ ಲಿಂಗೈಕ್ಯನಾದ ಮೇಲೆ ಆ ಮನೆಯ ಭಾರವೆಲ್ಲ ಇವಳ ಮೇಲಿದೆ.

ಸೇವೆಯ ಆಸೆ ಯಾರಿಗಿಲ್ಲ? ಕೇಳುವವರಿಗೆ ಬೇಕಾದುದು ಕೆಲಸದ ಮಾತು. ನಾನೂ ಇದೇ ತರಬೇತಿ ಪಡೆದು, ಘಟ್ಟದ ಮೇಲಿಂದ ಬಂದು, ಈ ತಾಲೂಕಿನ ಉಪಕೇಂದ್ರಗಳಲ್ಲಿ ಮೂವತ್ತು ವರ್ಷ ದುಡಿದವಳು. ಬಯಲಿನಲ್ಲಿ 5000 ಜನರಿಗೆ, ಗುಡ್ಡಗಾಡಿನಲ್ಲಿ 3000 ಜನರಿಗೆ ಒಂದು ಉಪಕೇಂದ್ರವೆಂಬುದು ಸರಕಾರದ ಲೆಕ್ಕ. ಆ ಲೆಕ್ಕದಲ್ಲಿ ಗಂಗಾವಳಿ ಹೊಳೆಯೂ ಇಲ್ಲ, ಮಳೆಗಾಲವೂ ಇಲ್ಲ! ಒಮ್ಮೆ ಹೊಳೆಯಾಚೆಯ ಕೇರಿಯಲ್ಲಿ ಎಂಟು ತಿಂಗಳ ಬಸುರಿಯೊಬ್ಬಳು ತಲೆನೋವೆಂದಳು. ಬಿಸಿಲಿಗಿರಬೇಕೆಂದು ಅವಳೇ ಸಮಾಧಾನ ಹೇಳಿಕೊಂಡಿದ್ದಳು. ರಕ್ತದೊತ್ತಡ ನೋಡಿದೆ, 160/110. 140/90 ಮುಟ್ಟಿದರೇ ಎಚ್ಚರವಾಗಬೇಕು. ಮೂತ್ರವನ್ನು ಕುದಿಸಿ ನೋಡಿದರೆ ಹಾಲಿನಂತೆ ಬೆಳ್ಳಗಾಯಿತು. ಫಿಟ್ಸ್ ಬರುವ ಮೊದಲೇ ಅವಳನ್ನು ಕಾರವಾರಕ್ಕೆ ಸಾಗಿಸಿದೆವು. ತಾಯಿ ಮಗುವನ್ನು ಉಳಿಸಿದವರು ಅಲ್ಲಿನ ವೈದ್ಯರು, ನಿಜ. ಆದರೆ ಅವರ ಬಳಿಗೆ ಹೊತ್ತು ಮೀರುವ ಮುನ್ನ ಆಕೆಯನ್ನು ಮುಟ್ಟಿಸಿದ್ದು ಒಂದು ಒತ್ತಡಮಾಪಕ, ಒಂದು ಗಾಜಿನ ನಳಿಕೆ, ಮತ್ತು ಬರೀ ಎ.ಎನ್.ಎಂ.

ಆಸ್ಪತ್ರೆಯ ವಾರ್ಡಿನಲ್ಲಿಯೂ ಹೀಗೆಯೇ. ಪಾರ್ಶ್ವವಾಯು ಬಡಿದವರಿಗೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬದಲಿಸುವ ಕೈಗೇ ಚರ್ಮ ಕೆಂಪಾದದ್ದು, ಉಸಿರಿನ ಲಯ ತಪ್ಪಿದ್ದು, ಮೈ ಬಿಸಿಯಾದದ್ದು ಮೊದಲು ತಿಳಿಯುವುದು. 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಮುಚ್ಚಿತ್ತು. ದೊಡ್ಡ ಚಿಕಿತ್ಸೆಗೆಂದು ಮಣಿಪಾಲ, ಹುಬ್ಬಳ್ಳಿ, ಗೋವೆಗಳ ದಾರಿ ಹಿಡಿಯುವ ನಮ್ಮ ಜಿಲ್ಲೆಯವರಿಗೆ, ಹತ್ತಿರದಲ್ಲಿದ್ದು ಮೊದಲು ಗುರುತಿಸುವವರ ಬೆಲೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಇಷ್ಟನ್ನೂ ಅವಳಿಗೆ ಹೇಳಿ, ‘ನೀನು ಕಂಡದ್ದನ್ನು ಮಾತ್ರ ಹೇಳು’ ಎಂದೆ.

ಕಾರವಾರದ ಆ ಖಾಸಗಿ ಆಸ್ಪತ್ರೆಯಲ್ಲಿ ಅದೇ ಪ್ರಶ್ನೆ ಬಂತು. ‘ಜಿ.ಎನ್.ಎಂ. ಓದಿದವರ ಬದಲಿಗೆ ನಾನು ಬಂದಿಲ್ಲ ಸರ್, ಅವರ ಜೊತೆಗೆ ಬಂದಿದ್ದೇನೆ. ಅವರು ಇಡೀ ವಾರ್ಡಿನ ಔಷಧಿ, ದಾಖಲೆ ನೋಡುವಾಗ ಮಂಚದ ಬಳಿಯಿದ್ದು, ಬದಲಾದದ್ದನ್ನು ಬರೆದು, ಕೂಡಲೇ ತಿಳಿಸುವವಳು ನಾನು’ ಎಂದಳಂತೆ. ತರಬೇತಿಯಲ್ಲಿ ತಾನು ಕಂಡ ಒಬ್ಬ ಅಜ್ಜಿಯ ಬೆನ್ನಿನ ಸಂಗತಿಯನ್ನೂ ಹೇಳಿದಳು. ಮತ್ತೊಂದು ಪ್ರಶ್ನೆ ಬಂತು: ‘ರಾತ್ರಿ ವೈದ್ಯರಿಲ್ಲದಿದ್ದರೆ ಚುಚ್ಚುಮದ್ದು ನೀವೇ ನಿರ್ಧರಿಸಿ ಕೊಡುವಿರೋ?’ ‘ಬರೆದುಕೊಟ್ಟದ್ದನ್ನು ಕೊಡುತ್ತೇನೆ. ಬರೆಯದಿದ್ದುದಕ್ಕೆ ಎಷ್ಟು ಹೊತ್ತಾದರೂ ವೈದ್ಯರನ್ನು ಕರೆಯುತ್ತೇನೆ.’ ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕೇಳಿ ಹೆಮ್ಮೆಯೂ ಆಯಿತು, ಕೆಲಸ ಕೈತಪ್ಪೀತೆಂಬ ಭಯವೂ ಆಯಿತು.

ಎಂಟು ದಿನಕ್ಕೆ ಪತ್ರ ಬಂದಿತು. ವೇತನ ನಾವೆಣಿಸಿದ್ದಕ್ಕಿಂತ ಕಡಿಮೆ. ಆ ವಿಷಯದಲ್ಲಿ ನನಗಿನ್ನೂ ಸಮಾಧಾನವಿಲ್ಲ. ಈಗ ಅವಳಿಗೆ ರಾತ್ರಿ ಪಾಳಿ. ಮೊನ್ನೆ ಬೆಳಗಿನ ಬಸ್ಸಿಗೆ ಬಂದವಳು ಚಹಾ ಕುಡಿಯುತ್ತ, ನಸುಕಿನ ಎರಡು ಗಂಟೆಗೆ ವೈದ್ಯರನ್ನು ಎಬ್ಬಿಸಿದೆನೆಂದೂ, ಅವರು ಬೈಯದೆ ಎದ್ದು ಬಂದರೆಂದೂ ಹೇಳಿ ಮಲಗಲು ಹೋದಳು.