ಬೇಡಿಕೆ, ವಸೂಲಿ, ಬಾಕಿ

ಹತ್ತು ಗಂಟೆಗೆ ಇನ್ನೂ ಐದು ನಿಮಿಷವಿದೆ. ತಿಪಟೂರು ಸೀಮೆಯ ಒಂದು ಗ್ರಾಮ ಪಂಚಾಯಿತಿ. ಹೊರಗಿನ ಕಟ್ಟೆ ಆಗಲೇ ಕಾದಿದೆ, ಒಳಗೆ ಬನ್ನಿ. ಬಾಗಿಲ ಎಡಕ್ಕೆ ಅರ್ಜಿದಾರರ ಬೆಂಚಿದೆ, ನಾನು ಸ್ವಲ್ಪ ಸರಿದು ಕೂರುತ್ತೇನೆ. 2024ರ ಮೇ ತಿಂಗಳು. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿವೆ. ದಾರಿಯುದ್ದಕ್ಕೂ ತೆಂಗಿನ ಗರಿಗಳು ಜೋತುಬಿದ್ದಿದ್ದನ್ನು ನೀವೂ ನೋಡಿಕೊಂಡೇ ಬಂದಿರುತ್ತೀರಿ.

ಮೂಲೆಯ ಮೇಜಿನ ಮುಂದೆ ಕೂತಿರುವವಳು ಬಿ.ಎ. ಕೊನೆಯ ಸೆಮಿಸ್ಟರಿನ ಹುಡುಗಿ. ಪ್ಲಾಸ್ಟಿಕ್ ಫೈಲಿನಲ್ಲಿ ಕಾಲೇಜಿನ ಪತ್ರವಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮಕ್ಕೆ ಸೇರಿದ ಮೊದಲ ತಂಡ ಅವಳದು. ಆರನೇ ಸೆಮಿಸ್ಟರಿಗೆ ಬಂದಾಗ ಇಂಟರ್ನ್‌ಷಿಪ್ ಎದುರಾಯಿತು. ಬೆಂಗಳೂರಿನಲ್ಲಾದರೆ ಕಂಪನಿ, ಎನ್‌ಜಿಒ ಅಂತ ಅಲೆಯಬಹುದು. ಇಲ್ಲಿ ರಾಜ್ಯಶಾಸ್ತ್ರ ಓದಿದ ಹುಡುಗಿಗೆ ದುಂಡು ಸೀಲು ಒತ್ತಿ ಹಾಜರಾತಿ ಪತ್ರ ಕೊಡುವ ಜಾಗ ಎಲ್ಲಿದೆ? ಕೊಬ್ಬರಿ ಮಂಡಿಯವರು ಕೊಟ್ಟಾರೆಯೇ? ಊರ ಪಂಚಾಯಿತಿಯೇ ಗತಿ. ಸಿಬ್ಬಂದಿಗೆ ಅವಳು ‘ಟ್ರೈನಿಂಗ್ ಹುಡುಗಿ’.

ಪಿಡಿಒ ಸಾಹೇಬರು ತಾಲ್ಲೂಕು ಪಂಚಾಯಿತಿಯ ಕುಡಿಯುವ ನೀರಿನ ಸಭೆಗೆ ಹೊರಟು ನಿಂತಿದ್ದಾರೆ. ಬೈಕಿನ ಕೀಲಿ ಹುಡುಕುತ್ತಲೇ, "ಕೂತ್ಕೊಳಮ್ಮ, ಇದನ್ನ ಟ್ಯಾಲಿ ಮಾಡ್ತಿರು" ಎಂದು ಎರಡು ವಸ್ತು ಮುಂದಿಟ್ಟು ಹೋಗುತ್ತಾರೆ. ಒಂದು, ಕೆಂಪು ಬಟ್ಟೆಯ ಬೈಂಡಿನ ಉದ್ದನೆಯ ರಿಜಿಸ್ಟರು. ಇನ್ನೊಂದು, ಪಂಚತಂತ್ರ 2.0 ತಂತ್ರಾಂಶದಿಂದ ತೆಗೆದ ಪ್ರಿಂಟು. ಎರಡರಲ್ಲೂ ಇರಬೇಕಾದ್ದು ಅದೇ ಮನೆಗಳು, ಅದೇ ಕಂದಾಯ. ಇಲ್ಲಿ ಎಲ್ಲರೂ ಡಿಸಿಬಿ ಅನ್ನುವುದು ಇದಕ್ಕೇ: ಬೇಡಿಕೆ, ವಸೂಲಿ, ಬಾಕಿ. ಕಾಗದದ್ದೂ ಕಂಪ್ಯೂಟರಿನದ್ದೂ ಹೊಂದಬೇಕು. ಹೊಂದುವುದಿಲ್ಲ, ಅದಕ್ಕೇ ಅವಳಿಗೆ ಈ ಕೆಲಸ.

ಸ್ಕೇಲು ಇಟ್ಟು ಒಂದೊಂದೇ ಸಾಲು ಇಳಿಯುತ್ತಾಳೆ. ಮೊದಲ ಪುಟದಲ್ಲೇ ತಡೆ.

"ಸಾರ್, ಬಿನ್ ಅಂದ್ರೇನು?"

ಬಿಲ್ ಕಲೆಕ್ಟರ್ ನಗುತ್ತಾರೆ. "ಬಿನ್ ಅಂದ್ರೆ ಮಗ, ಕೋಂ ಅಂದ್ರೆ ಹೆಂಡ್ತಿ. ಕಾಲೇಜ್ನಾಗೆ ಹೇಳ್ಕೊಟ್ಟಿಲ್ವಾ?"

ಹೇಳಿಕೊಟ್ಟಿಲ್ಲ. ಹೇಳಿಕೊಟ್ಟಿರುವುದು 73ನೇ ತಿದ್ದುಪಡಿ. 1993ರ ಪಂಚಾಯತ್ ರಾಜ್ ಅಧಿನಿಯಮ ಗ್ರಾಮ ಪಂಚಾಯಿತಿಗೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿದೆ ಎಂದು ಪರೀಕ್ಷೆಯಲ್ಲಿ ಅವಳೂ ಬರೆದಿರುತ್ತಾಳೆ. ಆ ಅಧಿಕಾರ ನೋಡಲು ಹೇಗಿರುತ್ತದೆ ಅಂದರೆ, ಹೆಗಲಿಗೊಂದು ರೆಕ್ಸಿನ್ ಬ್ಯಾಗು, ಬ್ಯಾಗಿನೊಳಗೆ ಪಿಒಎಸ್ ಯಂತ್ರ, ಸ್ಟ್ಯಾಂಡು ಸಡಿಲವಾದ ಒಂದು ಮೊಪೆಡ್ಡು. ಈ ಮನುಷ್ಯ ಮನೆ ಬಾಗಿಲಿಗೆ ಹೋಗಿ ಎರಡು ಸಲ ಬೈಸಿಕೊಂಡು ಮೂರನೇ ಸಲ ರಸೀದಿ ಹರಿಯದಿದ್ದರೆ ವಸೂಲಿಯ ಕಾಲಂ ಖಾಲಿ.

ಊರದೇವರು ರಂಗಸ್ವಾಮಿ. ಹಾಗಾಗಿ ರಿಜಿಸ್ಟರಿನಲ್ಲಿ ಹನ್ನೊಂದು ಮಂದಿ ರಂಗಸ್ವಾಮಿಗಳು. ಅವರಲ್ಲಿ ನಾಲ್ವರು ತೀರಿಕೊಂಡು ವರ್ಷಗಳೇ ಆಗಿವೆ. ಪೌತಿ ಖಾತೆಗೆ ಮಕ್ಕಳು ಇನ್ನೂ ಅರ್ಜಿ ಕೊಟ್ಟಿಲ್ಲವಾದ್ದರಿಂದ ಕಂದಾಯ ಮಾತ್ರ ಅವರ ಹೆಸರಿಗೇ ಬರುತ್ತಿದೆ.

"ಇದು ಯಾವ ಮನೆ ಸಾರ್?"

"ಸೊಸೈಟಿ ಹಿಂದ್ಗಡೆ, ಬಚ್ಚಲ ಪಕ್ಕ ಕರಿಬೇವಿನ ಗಿಡ ಐತಲ್ಲ, ಅದು."

ಕರಿಬೇವಿನ ಗಿಡಕ್ಕೆ ಪಂಚತಂತ್ರದಲ್ಲಿ ಕಾಲಂ ಇಲ್ಲ. ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆದು ತಾನೇ ಕಾಲಂ ಮಾಡಿಕೊಳ್ಳುತ್ತಾಳೆ. ಕರಿಬೇವು. ಹಸಿರು ಬಾಗಿಲು. ಎಮ್ಮೆ ಕೊಟ್ಟಿಗೆ. ಬೀಗ. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ.

ಹನ್ನೊಂದೂವರೆಗೆ ನೀರುಗಂಟಿ ಬೆವರು ಒರೆಸಿಕೊಳ್ಳುತ್ತಾ ಬರುತ್ತಾರೆ. ತ್ರೀಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದು ನಾಲ್ಕಕ್ಕೆ ಹೋಗಿದೆ. ಟ್ಯಾಂಕು ಅರ್ಧವೂ ತುಂಬಿಲ್ಲ. ಮೇಲಿನ ಕೇರಿಗೆ ಬಿಟ್ಟರೆ ಕೆಳಗಿನ ಕೇರಿಯವರು ಬಿಂದಿಗೆ ಸಮೇತ ಇಲ್ಲಿಗೇ ಬರುತ್ತಾರೆ. ನೀರುಗಂಟಿಯ ಹಿಂದೆಯೇ ಉದ್ಯೋಗ ಖಾತರಿಯ ಕಾಯಕ ಬಂಧು: ಬದುವಿನ ಕೆಲಸದ ಬೆಳಗಿನ ಫೋಟೊ ಆ್ಯಪಿನಲ್ಲಿ ಏರುತ್ತಿಲ್ಲ, ತಿಟ್ಟಿನ ಮೇಲೆ ನಿಂತರೂ ನೆಟ್‌ವರ್ಕ್ ಇಲ್ಲ. ದಿನಕ್ಕೆ ಎರಡು ಸಲ ಫೋಟೊ ಹೋಗಬೇಕು. ಏಪ್ರಿಲ್ 1ರಿಂದ ಕೂಲಿ 349 ರೂಪಾಯಿ. ಫೋಟೊ ಹೋಗದಿದ್ದರೆ ಬಿಸಿಲಲ್ಲಿ ಕಡಿದ ಮಣ್ಣಿಗೆ ಲೆಕ್ಕವಿಲ್ಲ. ಹುಡುಗಿ ಆ ಫೋನು ಈಸಿಕೊಂಡು ಏನೋ ಒತ್ತುತ್ತಾಳೆ, ತಿರುಗಿಸಿ ಕೊಡುತ್ತಾಳೆ. ಹೋಯಿತು. ಅದು ಹೇಗೆ ಅಂತ ನನಗೂ ತಿಳಿಯಲಿಲ್ಲ.

ಊಟದ ಹೊತ್ತಿಗೆ ಅವಳಿಗೆ ಇನ್ನೊಂದು ಚಿಂತೆ. ವರದಿಯಲ್ಲಿ ಗ್ರಾಮಸಭೆಯ ಬಗ್ಗೆ ಒಂದು ಅಧ್ಯಾಯ ಬೇಕಂತೆ, ಕಣ್ಣಾರೆ ಕಂಡದ್ದು. ಇಲ್ಲಿ ಲೋಕಸಭೆ ಚುನಾವಣೆಯ ಮತದಾನ ಏಪ್ರಿಲ್ 26ಕ್ಕೇ ಮುಗಿದಿದ್ದರೂ ಎಣಿಕೆ ಜೂನ್ 4ಕ್ಕೆ. ಅಲ್ಲಿಯವರೆಗೂ ನೀತಿ ಸಂಹಿತೆ, ಸಭೆ ನಡೆಯುವ ಹಾಗಿಲ್ಲ. ಬದಲಿಗೆ ಸಿಬ್ಬಂದಿ ಹಳೆಯ ಸಭೆಗಳ ನಡಾವಳಿ ಪುಸ್ತಕ ತಂದು ಕೊಡುತ್ತಾರೆ. ಬುತ್ತಿಯ ಚಿತ್ರಾನ್ನ ತಿನ್ನುತ್ತಾ ಪುಟ ತಿರುವುತ್ತಾಳೆ. ಪ್ರತಿ ಸಭೆಯ ಕೊನೆಗೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’. ಗ್ರಾಮಸಭೆ ಕಂಡವರಿಗೆ ಈ ಸಾಲು ಓದಿದರೆ ನಗು ಬರುತ್ತದೆ. ಅವಳು ಅದನ್ನು ಶ್ರದ್ಧೆಯಿಂದ ನಕಲು ಮಾಡುತ್ತಿದ್ದಾಳೆ.

ಮೂರು ಗಂಟೆ. ಬೆಂಚಿನ ಈ ತುದಿಯಲ್ಲಿ ಆಗಿನಿಂದ ಕೂತಿದ್ದ ಅಜ್ಜಿ ಎದ್ದು ಮೇಜಿನ ಹತ್ತಿರ ಹೋಗುತ್ತಾಳೆ. ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಕವರು.

"ಕಂದಾಯ ಕಟ್ಟಿದೀನಿ. ಬಾಕಿ ಐತೆ ಅಂತಾರೆ."

ಕವರಿನಿಂದ ರಸೀದಿಗಳು ಹೊರಬರುತ್ತವೆ. ಕಾರ್ಬನ್ ಇಟ್ಟು ಕೈಯಲ್ಲಿ ಬರೆದ ಹಳೆಯ ನೀಲಿ ರಸೀದಿಗಳು, ಅಂಚು ಸವೆದಿದ್ದರೂ ಅಕ್ಷರ ಸ್ಪಷ್ಟ. ಎಲ್ಲಕ್ಕಿಂತ ಹೊಸದು ಯಂತ್ರದ ಚೀಟಿ. ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಹಾಲಿನ ಹಾಗೆ ಬಿಳುಪು. ಶಾಖಕ್ಕೆ ಮೂಡುವ ಅಕ್ಷರ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಆರಿಹೋಗಿದೆ.

"ಕಟ್ಟವ್ಳೆ, ಕೊಬ್ಬರಿ ಮಾರಿದ್ ದಿನ ಕಟ್ಟಿದ್ದು, ನಂಗ್ ಗೊತ್ತು" ಎನ್ನುತ್ತಾರೆ ಬಿಲ್ ಕಲೆಕ್ಟರ್. ಗೊತ್ತಿದ್ದರೇನು, ಪ್ರಿಂಟಿನಲ್ಲಿಲ್ಲವಲ್ಲ.

ಅಜ್ಜಿಯ ಮನೆ 214. ತೀರಿಹೋದ ಗಂಡನ ಹೆಸರಿನಲ್ಲಿದೆ, ಆ ನಾಲ್ವರು ರಂಗಸ್ವಾಮಿಗಳಲ್ಲಿ ಒಬ್ಬರು. ಹುಡುಗಿ ಸ್ಕೇಲನ್ನು ಕೆಳಗಿಳಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸುತ್ತಾಳೆ. 241. ಅಲ್ಲೂ ಒಬ್ಬ ರಂಗಸ್ವಾಮಿ. ವಸೂಲಿಯ ಕಾಲಂನಲ್ಲಿ ಅಜ್ಜಿ ಹೇಳಿದಷ್ಟೇ ಮೊತ್ತ. ತನ್ನ ನೋಟ್‌ಬುಕ್ಕಿನ ಗೀಟಿನ ಆಚೆ ಬರೆದಿದ್ದನ್ನು ನೋಡುತ್ತಾಳೆ: ಬೀಗ.

"ಸಾರ್, ಈ ಮನೆಯವರು ಬೆಂಗ್ಳೂರಿಗೆ ಹೋಗಿ ಆರು ವರ್ಷ ಆಯ್ತು ಅಂದ್ರಲ್ಲ. ಇದ್ಯಾರು ಕಟ್ಟಿದ್ದು?"

ಬಿಲ್ ಕಲೆಕ್ಟರ್ ಬಗ್ಗಿ ನೋಡುತ್ತಾರೆ, ಕನ್ನಡಕ ತೆಗೆದು ಇನ್ನೊಮ್ಮೆ ನೋಡುತ್ತಾರೆ. ಏನೂ ಹೇಳದೆ ಅಜ್ಜಿಗೆ ಕುರ್ಚಿ ಎಳೆದು ಹಾಕುತ್ತಾರೆ.

ತಿದ್ದುವುದಕ್ಕೆ ಪಿಡಿಒ ಲಾಗಿನ್ ಬೇಕು, ಪಿಡಿಒ ತಿಪಟೂರಿನಲ್ಲಿದ್ದಾರೆ. ಹುಡುಗಿ ಎರಡೂ ಸಂಖ್ಯೆಗಳ ಪಕ್ಕ ಪೆನ್ಸಿಲಿನಲ್ಲಿ ಬಾಣ ಹಾಕಿ ಕೂಡಿಸುತ್ತಾಳೆ. ಅಜ್ಜಿ ಬಾಣವನ್ನೇ ನೋಡುತ್ತಾಳೆ.

"ನಾಳಿಕ್ಕೆ ನೀನಿರ್ತೀಯೇನವ್ವಾ?"

"ಶುಕ್ರವಾರದವರೆಗೂ ಇರ್ತೀನಜ್ಜಿ."

ಅಜ್ಜಿ ಬೆರಳು ಮಡಿಚಿ ದಿನ ಎಣಿಸುತ್ತಾಳೆ. ಆಮೇಲೆ ನೀಲಿ ರಸೀದಿಗಳನ್ನು ಒಂದರ ಮೇಲೊಂದು ಜೋಡಿಸಿ, ಆ ಖಾಲಿ ಬಿಳಿ ಚೀಟಿಯನ್ನೂ ಎಲ್ಲಕ್ಕಿಂತ ಮೇಲಿಟ್ಟು, ಕವರಿಗೆ ಗಂಟು ಹಾಕುತ್ತಾಳೆ.