ಚಾರ್ಜ್ ಟಾರ್ಚಿನ ಹಣೆಬರಹ

ರಾತ್ರಿ ಕರೆಂಟ್ ಬಂದಾಗ ತೋಟಕ್ಕೆ ನೀರು ಬಿಡಲು ಓಡುವವರಿಗೆ ಟಾರ್ಚು ಶೋಕಿಯ ವಸ್ತುವಲ್ಲ. ಹಾವು, ಹಂದಿ, ಗುಂಡಿ ಮೂರೂ ಕಾಣಬೇಕು. ಆದರೆ ಸಂತೆಯಲ್ಲಿ ಸಿಗುವ ಅಗ್ಗದ ಚಾರ್ಜ್ ಟಾರ್ಚು ಒಂದು ಮಳೆಗಾಲ ದಾಟಿದರೆ ಅದೇ ಹೆಚ್ಚು.

ಕೆಟ್ಟದ್ದೊಂದನ್ನು ಬಿಚ್ಚಿ ನೋಡಿ. ಒಳಗೆ 4 ವೋಲ್ಟಿನ ಪುಟ್ಟ ಲೆಡ್ ಆ್ಯಸಿಡ್ ಬ್ಯಾಟರಿ, ಟ್ರಾನ್ಸ್‌ಫಾರ್ಮರ್ ಬದಲು ಒಂದು ಕೆಪಾಸಿಟರ್. ತುಂಬಿದ ಮೇಲೆ ಚಾರ್ಜಿಂಗ್ ನಿಲ್ಲಿಸುವ ಏರ್ಪಾಡು ಎಷ್ಟೋ ಟಾರ್ಚುಗಳಲ್ಲಿ ಇರುವುದೇ ಇಲ್ಲ. ರಾತ್ರಿಯಿಡೀ ಸಿಕ್ಕಿಸಿಟ್ಟರೆ ಬ್ಯಾಟರಿ ಒಣಗಿ ಉಬ್ಬುತ್ತದೆ. ಖಾಲಿ ಮಾಡಿ ಮೂಲೆಗಿಟ್ಟರೆ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ. (ಪ್ಲಗ್ಗಿನಲ್ಲಿರುವಾಗ ಮಾತ್ರ ಬಿಚ್ಚಬೇಡಿ, ಮನೆಯ 230 ವೋಲ್ಟ್ ನೇರ ಒಳಗಿರುತ್ತದೆ.)

ಹೊಸ ಲಿಥಿಯಂ ಟಾರ್ಚುಗಳ ಬೆಳಕೇನೋ ಜೋರು. ಆದರೆ ಕೆಲವರು ಟೈಪ್-ಸಿ ಪೋರ್ಟ್ ಕೊಟ್ಟು, ಅದಕ್ಕೆ ಬೇಕಾದ ಎರಡು ಪುಡಿ ರೆಸಿಸ್ಟರ್ ಹಾಕದೆ ಪೈಸೆ ಉಳಿಸುತ್ತಾರೆ. ಎರಡೂ ತುದಿ ಸಿ ಇರುವ ಕೇಬಲ್ ಚುಚ್ಚಿದರೆ ಚಾರ್ಜೇ ಆಗದು. ಇನ್ನು ಆರಿಸಬೇಕೆಂದರೆ ಮೊದಲು ಪಕಪಕ ಮಿನುಗುವ ಮೋಡ್ ದಾಟಬೇಕು. ತೋಟದಲ್ಲಿ ಯಾರಿಗ್ರೀ ಬೇಕು ಆ ಡಿಸ್ಕೋ?

ಕೊಳ್ಳುವಾಗ ಹಿಂದಿನ ಮುಚ್ಚಳ ತಿರುಗಿಸಿ ನೋಡಿ. ಕೆಟ್ಟಾಗ ಬದಲಿಸಬಹುದಾದ 18650 ಲಿಥಿಯಂ ಸೆಲ್ ಕೈಗೆ ಬಂದರೆ ದುಡ್ಡು ಕೊಡಿ. ಅಂಟು ಹಾಕಿ ಮುಚ್ಚಿದ್ದಾದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.