ಓರೆಯಾಗಿ ಕೂತ ಎಂಜಿನ್

ಬಾಡಿಗೆ ಮನೆ ಬದಲಾಯಿಸಿದವರಿಗೆಲ್ಲ ಬೀರುವಿನ ಕಷ್ಟ ಗೊತ್ತು. ಪಾತ್ರೆ ಪಡಗ, ಹಾಸಿಗೆ, ಪುಸ್ತಕದ ಗಂಟು ಎಲ್ಲ ಒಳಗೆ ಹೋಗಿ ಆಗಿರುತ್ತದೆ. ಉಕ್ಕಿನ ಬೀರು ಮಾತ್ರ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಿಂತಿರುತ್ತದೆ. ನಾಲ್ಕು ಜನ ಹಿಡಿದುಕೊಂಡು ಬೆವರುತ್ತಿರುತ್ತಾರೆ. ಒಬ್ಬ ಬಾಗಿಲ ಚೌಕಟ್ಟೇ ಕೀಳಬೇಕು ಎನ್ನುತ್ತಾನೆ, ಇನ್ನೊಬ್ಬ ಬೀರುವಿನ ಕಾಲು ಕತ್ತರಿಸೋಣ ಎನ್ನುತ್ತಾನೆ. ಆಗ ಜಗಲಿಯ ಮೇಲೆ ಕೂತ ಅಜ್ಜ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಪಕ್ಕಕ್ಕೆ ಸರಿಸಿ, ‘ಸ್ವಲ್ಪ ಓರೆ ಮಾಡ್ರೋ’ ಎನ್ನುತ್ತಾರೆ. ಓರೆ ಮಾಡುತ್ತಾರೆ. ಬೀರು ಒಳಗೆ ಹೋಗುತ್ತದೆ. ಗೋಡೆಯ ಸುಣ್ಣ ಒಂದಿಷ್ಟು ಕಿತ್ತು ಬರುತ್ತದೆ, ಅದು ಬೇರೆ ಮಾತು.

1951ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್ ನಗರದಲ್ಲಿ ರುಡಾಲ್ಫ್ ಊಲನ್‌ಹೌಟ್ ಎಂಬ ಎಂಜಿನಿಯರರ ಮುಂದೆ ನಿಂತದ್ದೂ ಇಂಥದೇ ಒಂದು ಬೀರು. ಮಹಾಯುದ್ಧ ಮುಗಿದು ಆರು ವರ್ಷವಾಗಿತ್ತು. ಡೈಮ್ಲರ್-ಬೆಂಜ್ ಕಂಪನಿಯ ಕಾರ್ಖಾನೆಗಳು ಬಾಂಬಿಗೆ ಸಿಕ್ಕಿ ಹಾಳಾಗಿ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದವು. ಯುದ್ಧಕ್ಕೆ ಮುಂಚೆ ಯುರೋಪಿನ ರೇಸುಗಳಲ್ಲಿ ಮೆರೆದಿದ್ದ ಕಂಪನಿಗೆ ಮತ್ತೆ ಕಣಕ್ಕಿಳಿಯುವ ಆಸೆ. ಆದರೆ ರೇಸಿಗೆಂದೇ ಹೊಸ ಎಂಜಿನ್ ಮಾಡಲು ಹಣವೂ ಇಲ್ಲ, ಸಮಯವೂ ಇಲ್ಲ. ಕೈಯಲ್ಲಿದ್ದದ್ದು ಅದೇ ವರ್ಷ ಹೊರತಂದ ‘300’ ಎಂಬ ದೊಡ್ಡ ಸೆಡಾನ್. ಮಂತ್ರಿಗಳೂ ಉದ್ಯಮಿಗಳೂ ಹಿಂದಿನ ಸೀಟಿನಲ್ಲಿ ಕೂತು ಓಡಾಡುವ ಕಾರು ಅದು. ಚಾನ್ಸಲರ್ ಅಡೆನೌವರ್ ಬಳಸಿದ್ದರಿಂದ ಅವರ ಹೆಸರೇ ಅದಕ್ಕೆ ಅಂಟಿಕೊಂಡಿತು. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ ನಿಂತ ಅದರ ಎಂಜಿನ್ 2996 ಸಿಸಿ, 115 ಅಶ್ವಶಕ್ತಿಯದು. ಭಾರ, ಎತ್ತರ, ಗಾಂಭೀರ್ಯ ಎಲ್ಲವೂ ಇತ್ತು. ರೇಸ್ ಕಾರಿಗೆ ಬೇಕಾದದ್ದೇ ಇರಲಿಲ್ಲ. ಇದನ್ನೇ ಇಟ್ಟುಕೊಂಡು ಕಾರು ಮಾಡಬೇಕಾಯಿತು.

ಊಲನ್‌ಹೌಟ್ 1906ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ತಂದೆ ಜರ್ಮನ್, ತಾಯಿ ಇಂಗ್ಲಿಷ್. 1930ರ ದಶಕದಲ್ಲೇ ಕಂಪನಿಯ ರೇಸ್ ವಿಭಾಗದ ತಾಂತ್ರಿಕ ಹೊಣೆ ಹೊತ್ತಿದ್ದರು. ಅವರ ವಿಶೇಷವೆಂದರೆ ತಾವು ಮಾಡಿದ ರೇಸ್ ಕಾರನ್ನು ತಾವೇ ಓಡಿಸಿ ನೋಡುತ್ತಿದ್ದದ್ದು, ಅದೂ ಸಂಬಳದ ರೇಸ್ ಚಾಲಕರ ವೇಗಕ್ಕೆ ಹತ್ತಿರ ಹತ್ತಿರವಾಗಿ. ಚಾಲಕ ಒಂದು ಹೇಳುತ್ತಾನೆ, ಎಂಜಿನಿಯರು ಇನ್ನೊಂದು ಹೇಳುತ್ತಾನೆ ಎಂಬ ಗ್ಯಾರೇಜಿನ ಎಂದಿನ ಜಗಳ ಅವರ ಹತ್ತಿರ ಹುಟ್ಟುವಂತೆಯೇ ಇರಲಿಲ್ಲ. ಎರಡೂ ಅವರೇ.

ಸೆಡಾನಿನ ಎಂಜಿನ್ನಿಗೆ ಮೂರು ಕಾರ್ಬುರೇಟರ್ ಹಾಕಿ, ಇನ್ನಷ್ಟು ತಿದ್ದಿ ತೀಡಿ ಸುಮಾರು 170 ಅಶ್ವಶಕ್ತಿಗೆ ತಂದರು. ಎದುರಾಳಿಗಳಾದ ಫೆರಾರಿ, ಜಾಗ್ವಾರ್ ಕಾರುಗಳ ಬಲ ಅದಕ್ಕಿಂತ ಹೆಚ್ಚು. ಬಲದಲ್ಲಿ ಗೆಲ್ಲಲಾಗದವನಿಗೆ ಉಳಿಯುವುದು ಎರಡೇ ದಾರಿ: ಭಾರ ಇಳಿಸುವುದು, ಗಾಳಿಯನ್ನು ಸೀಳಿಕೊಂಡು ಹೋಗುವುದು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಕಾರಿನ ಮುಖ ಎಷ್ಟು ಅಗಲ, ಎಷ್ಟು ಎತ್ತರ ಎಂಬುದಕ್ಕೂ ಅದು ನೇರ ಲೆಕ್ಕ. ಆದ್ದರಿಂದ ಕಾರು ತಗ್ಗಬೇಕು, ಬಾನೆಟ್ ಇಳಿಯಬೇಕು. ಇಳಿಸಲು ಹೋದರೆ ಕೆಳಗೆ ಆರು ಸಿಲಿಂಡರಿನ ಎಂಜಿನ್ ಕಂಬದ ಹಾಗೆ ನಿಂತಿದೆ.

ಅಜ್ಜನ ಮಾತು ಇಲ್ಲೂ ನಡೆಯಿತು. ಎಂಜಿನ್ನನ್ನು ಎಡಕ್ಕೆ 50 ಡಿಗ್ರಿ ಓರೆ ಮಾಡಿ ಕೂರಿಸಿದರು.

ಹತ್ತನೆಯ ತರಗತಿಯ ಹುಡುಗ ತ್ರಿಕೋನಮಿತಿಯ ಪುಸ್ತಕ ಮುಚ್ಚಿ ‘ಇದೆಲ್ಲ ಯಾವ ಕೆಲಸಕ್ಕೆ ಬರುತ್ತದಪ್ಪಾ?’ ಎಂದು ಕೇಳಿದಾಗ ಬಹಳ ಮನೆಗಳಲ್ಲಿ ಅಪ್ಪ ಪೇಪರಿನ ಹಿಂದೆ ಅಡಗುತ್ತಾರೆ. ಈ ಲೆಕ್ಕ ಅವರ ಕೈಗೆ ಸಿಕ್ಕಿದ್ದರೆ ಅಡಗಬೇಕಾಗಿರಲಿಲ್ಲ. 90 ಸೆಂಟಿಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಅದರ ಎತ್ತರ 90. ಅದನ್ನೇ 50 ಡಿಗ್ರಿ ಓರೆ ಮಾಡಿದರೆ ಎತ್ತರ 90ರ ಕೊಸೈನ್ 50 ಪಟ್ಟು, ಎಂದರೆ ಸುಮಾರು 58 ಸೆಂಟಿಮೀಟರ್. ಒಂದಡಿಗಿಂತ ಹೆಚ್ಚು ಉಳಿಯಿತು! ಆದರೆ ಎಂಜಿನ್ ಕೋಲಲ್ಲ, ಅದಕ್ಕೆ ಅಗಲವೂ ಉಂಟು. ಓರೆ ಮಾಡಿದಾಗ ಆ ಅಗಲದ ಒಂದು ಮೂಲೆ ಮೇಲೇಳುವುದರಿಂದ ಲಾಭ ಅಷ್ಟು ಸಿಗದು. ಇನ್ನೊಂದು ಕಡೆ, ಉಳಿದ ಎತ್ತರ ಮಾಯವಾಗುವುದಿಲ್ಲ, ಪಕ್ಕಕ್ಕೆ ಹೋಗಿ ಕೂರುತ್ತದೆ. ಅದೇ ಕೋಲಿನ ತುದಿ ಈಗ ಸೈನ್ 50ರ ಲೆಕ್ಕದಲ್ಲಿ ಸುಮಾರು 69 ಸೆಂಟಿಮೀಟರ್ ಪಕ್ಕಕ್ಕೆ ಚಾಚಿರುತ್ತದೆ. ಅಲ್ಲಿದ್ದ ಕೊಳವೆ, ತಂತಿ, ಸ್ಟಿಯರಿಂಗ್ ದಂಡಗಳೆಲ್ಲ ಬೇರೆ ಜಾಗ ಹುಡುಕಿಕೊಳ್ಳಬೇಕು.

ತಲೆಯ ಸಮಸ್ಯೆ ಹೀಗೆ ತಗ್ಗಿದರೆ ಪಾದದ ಸಮಸ್ಯೆ ಉಳಿಯಿತು. ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿದ ತೊಟ್ಟಿ ಇರುತ್ತದೆ; ಗ್ಯಾರೇಜಿನವರು ಚೇಂಬರ್ ಎನ್ನುತ್ತಾರೆ. ಕಾರನ್ನು ಎಷ್ಟು ತಗ್ಗಿಸಿದರೂ ಆ ತೊಟ್ಟಿ ನೆಲಕ್ಕೆ ತಾಗಬಾರದು. ಓರೆ ಕೂತ ಎಂಜಿನ್ನಿನಲ್ಲಿ ಎಣ್ಣೆ ಒಂದೇ ಮೂಲೆಗೆ ಸೇರುತ್ತದೆ, ವೇಗವಾಗಿ ತಿರುವು ತೆಗೆದುಕೊಂಡಾಗ ಇನ್ನೊಂದು ಮೂಲೆಗೆ ಎರಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ಪಂಪು ಎಣ್ಣೆಯ ಬದಲು ಗಾಳಿ ಹೀರಿದರೆ ಬೇರಿಂಗುಗಳ ಕಥೆ ಮುಗಿಯಿತು. ಊಲನ್‌ಹೌಟ್ ತೊಟ್ಟಿಯನ್ನೇ ತೆಗೆಸಿದರು. ಎಣ್ಣೆಗೆ ಬೇರೆ ಕಡೆ ಒಂದು ಟ್ಯಾಂಕು, ತಳಕ್ಕೆ ಇಳಿದ ಎಣ್ಣೆಯನ್ನು ಹೀರಿ ಅಲ್ಲಿಗೆ ಕಳಿಸಲು ಪಂಪು, ಅಲ್ಲಿಂದ ಒತ್ತಡದಲ್ಲಿ ಎಂಜಿನ್ನಿಗೆ ಕೊಡಲು ಪಂಪು. ಇದಕ್ಕೆ ಡ್ರೈ ಸಂಪ್ ಎಂದು ಹೆಸರು. ತೊಟ್ಟಿ ಹೋದಷ್ಟೂ ಎಂಜಿನ್ ಕೆಳಗಿಳಿಯಿತು.

ಭಾರದ ವಿಷಯಕ್ಕೆ ಬಂದಾಗ ಇನ್ನೊಂದು ಆಟ ಶುರುವಾಯಿತು. ಎಂಜಿನ್ನಿನ ಭಾರ ಇಳಿಸಲಾಗದು. ಚೌಕಟ್ಟಿನದಾದರೂ ಇಳಿಸೋಣ ಎಂದು ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದು ಜಾಲದಂಥ ಚೌಕಟ್ಟು ಮಾಡಿದರು. ತೂಕ ಸುಮಾರು 50 ಕಿಲೋ. ತ್ರಿಕೋನದ ಗುಟ್ಟೇನೆಂದರೆ ಅದು ನುಲಿಯದು. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ಓರೆಯಾಗುತ್ತದೆ. ಮೂರು ಕಡ್ಡಿಯ ತ್ರಿಕೋನ ಕಡ್ಡಿ ಮುರಿಯುವವರೆಗೂ ಆಕಾರ ಬಿಡುವುದಿಲ್ಲ. ಒಳ್ಳೆಯದೇ. ಆದರೆ ಇಂಥ ಚೌಕಟ್ಟಿಗೆ ಗಟ್ಟಿತನ ಬರಬೇಕಾದರೆ ಪಕ್ಕದ ಜಾಲ ಸಾಕಷ್ಟು ಎತ್ತರ ಇರಬೇಕು. ಕೂರುವವನ ತೊಡೆಯ ಪಕ್ಕದಲ್ಲಿ ಕಟಾಂಜನದ ಹಾಗೆ ಎದ್ದು ನಿಂತಿತು ಅದು. ಬಾಗಿಲು ಇಡುವುದೆಲ್ಲಿ? ಜಾಲ ಕತ್ತರಿಸಿದರೆ ಕಾರು ಮೆತ್ತಗಾಗುತ್ತದೆ, ಕತ್ತರಿಸದಿದ್ದರೆ ಚಾಲಕ ಒಳಗೆ ಹೋಗುವುದಿಲ್ಲ.

ಪಕ್ಕದಲ್ಲಿ ಜಾಗವಿಲ್ಲದಿದ್ದರೆ ಮೇಲಿಂದ. ಕಿಟಕಿ ಮತ್ತು ಮಾಡಿನ ಒಂದು ಭಾಗ ಸೇರಿಸಿ, ಮಾಡಿನ ನಡುವೆ ತಿರುಗುಣಿ ಇಟ್ಟು, ಹಕ್ಕಿಯ ರೆಕ್ಕೆಯ ಹಾಗೆ ಮೇಲಕ್ಕೆ ತೆರೆಯುವ ಬಾಗಿಲು ಮಾಡಿದರು. ನೋಡಿದವರು ಇದನ್ನು ಶೋಕಿ ಎಂದುಕೊಂಡರು, ಇವತ್ತಿಗೂ ಎಂದುಕೊಳ್ಳುತ್ತಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಕಾರಿನ ಬಾಗಿಲುಗಳಲ್ಲಿ ಒಂದಾದ ಅದು ಹುಟ್ಟಿದ್ದು ಬೇರೆ ದಾರಿ ಇಲ್ಲದೆ. 1952ರ ಮೇ ತಿಂಗಳಲ್ಲಿ ಇಟಲಿಯ ಮಿಲೆ ಮಿಲಿಯಾ ರೇಸಿಗೆ ಕಾರು ಬಂದಾಗ, ಇದೂ ಒಂದು ಬಾಗಿಲೇ ಎಂದು ತಕರಾರು ಎದ್ದಿತು. ಕಾರಿಗೆ ಬಾಗಿಲು ಇರಬೇಕೆಂದು ನಿಯಮದಲ್ಲಿತ್ತು. ಯಾವ ದಿಕ್ಕಿಗೆ ತೆರೆಯಬೇಕೆಂದು ಇರಲಿಲ್ಲ. ತಂಡದ ಮ್ಯಾನೇಜರ್ ಆಲ್‌ಫ್ರೆಡ್ ನಾಯ್‌ಬಾವರ್ ಅಂಥ ಎಡೆ ಸಿಕ್ಕರೆ ಬಿಡುವ ಆಸಾಮಿಯಲ್ಲ. ಕಾರು ಓಡಿತು, ಎರಡನೆಯದಾಗಿ ಬಂತು. ಮುಂದೆ ಲೆ ಮಾನ್ ರೇಸಿನ ಹೊತ್ತಿಗೆ ಬಾಗಿಲನ್ನು ಪಕ್ಕಕ್ಕೂ ಇಳಿಸಿ ಸ್ವಲ್ಪ ದೊಡ್ಡದು ಮಾಡಿದರು.

ಆ ವರ್ಷ ಜೂನಿನಲ್ಲಿ ನಡೆದ 24 ತಾಸಿನ ಲೆ ಮಾನ್ ರೇಸಿನಲ್ಲಿ ಓರೆ ಎಂಜಿನ್ನಿನ ಕಾರುಗಳು ಮೊದಲ ಎರಡು ಸ್ಥಾನ ಪಡೆದವು. ಹಾಗೆಂದು ಅವು ಎಲ್ಲರಿಗಿಂತ ವೇಗವಾಗಿ ಓಡಿದವೆಂದಲ್ಲ. ಫ್ರಾನ್ಸಿನ ಪಿಯೇರ್ ಲೆವೆ ಎಂಬ ಚಾಲಕ ತಾಲ್ಬೊ ಕಾರನ್ನು ಜೊತೆಗಾರನಿಗೆ ಕೊಡದೆ ಸುಮಾರು 23 ತಾಸು ಒಬ್ಬನೇ ಓಡಿಸಿ ಬಹಳ ಮುಂದಿದ್ದ. ಗೆಲುವು ಕಣ್ಣಿಗೆ ಕಾಣುತ್ತಿದ್ದಾಗ ಅವನ ಎಂಜಿನ್ ಕೈಕೊಟ್ಟಿತು. ಅದೇ ಲೆವೆಯನ್ನು ಮುಂದೆ ನಾಯ್‌ಬಾವರ್ ತಮ್ಮ ತಂಡಕ್ಕೆ ಕರೆದರು. 1955ರ ಲೆ ಮಾನ್‌ನಲ್ಲಿ ಅವನ ಮರ್ಸಿಡಿಸ್, ಈ ಕಾರಲ್ಲ, ಮುಂದಿನ ಪೀಳಿಗೆಯ 300 ಎಸ್‌ಎಲ್‌ಆರ್, ಇನ್ನೊಂದು ಕಾರಿನ ಹಿಂಬದಿಗೆ ಏರಿ ಜನರ ನಡುವೆ ಬಿದ್ದು ಒಡೆಯಿತು. ಅವನೂ ಸೇರಿ 80ಕ್ಕೂ ಹೆಚ್ಚು ಮಂದಿ ಸತ್ತರು. ಆ ವರ್ಷದ ಕೊನೆಗೆ ಕಂಪನಿ ರೇಸಿನಿಂದ ಹೊರಬಂದು ದಶಕಗಳ ಕಾಲ ಆ ಕಡೆ ತಲೆ ಹಾಕಲಿಲ್ಲ. ಕಾರಿನ ಕಥೆ ಹೇಳುವವರು ಸಾಮಾನ್ಯವಾಗಿ ಬಾಗಿಲಿನ ಹತ್ತಿರ ನಿಂತುಬಿಡುತ್ತಾರೆ; ಇಲ್ಲಿಯವರೆಗೆ ಬರುವುದಿಲ್ಲ.

1954ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಈ ರೇಸ್ ಕಾರಿನ ರಸ್ತೆಯ ರೂಪ 300 ಎಸ್‌ಎಲ್ ಹೊರಬಂತು. ಮಾಡಿಸಿದವರು ಅಲ್ಲಿನ ಕಾರು ಆಮದುದಾರ ಮ್ಯಾಕ್ಸ್ ಹಾಫ್‌ಮನ್. ಈ ಸಲ ಕಾರ್ಬುರೇಟರ್ ತೆಗೆದು ಬಾಷ್ ಕಂಪನಿಯ ಪಂಪಿನಿಂದ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸಿದರು. ಬಲ 215 ಅಶ್ವಶಕ್ತಿಗೆ ಏರಿತು. ಅಷ್ಟು ಓರೆ ಮಾಡಿದ್ದರೂ ಬಾನೆಟ್ ಒಂದು ಪಕ್ಕದಲ್ಲಿ ಎಂಜಿನ್ನಿಗೆ ತಾಗುತ್ತಿತ್ತು. ಅಲ್ಲಿ ತಗಡನ್ನು ಉದ್ದಕ್ಕೆ ಉಬ್ಬಿಸಿದರು. ಒಂದೇ ಕಡೆ ಉಬ್ಬಿದರೆ ಹಲ್ಲುನೋವು ಬಂದವನ ಕೆನ್ನೆಯ ಹಾಗೆ ಕಾಣುತ್ತದಲ್ಲ, ಅದಕ್ಕೆ ಇನ್ನೊಂದು ಕಡೆಯೂ ಅಂಥದೇ ಉಬ್ಬು ಇಟ್ಟರು. ಎರಡನೆಯದು ಬರೀ ಜೋಡಿಗಾಗಿ.

ರೇಸಿನಲ್ಲಿ ಸುಣ್ಣ ಕಿತ್ತು ಬಂದದ್ದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಹಣ ಕೊಟ್ಟು ಕೊಂಡವರು ಹಿಡಿದರು. ಪಕ್ಕದ ಕಟಾಂಜನ ದಾಟಿ ಒಳಗೆ ಕೂರುವುದೇ ಒಂದು ಕಸರತ್ತು. ಸ್ಟಿಯರಿಂಗ್ ಚಕ್ರವನ್ನೇ ಮಡಿಸುವಂತೆ ಮಾಡಿ ಕಾಲಿಗೆ ದಾರಿ ಕೊಡಬೇಕಾಯಿತು. ಬಾಗಿಲಿನ ಆಕಾರದಿಂದಾಗಿ ಗಾಜು ಕೆಳಗಿಳಿಯುತ್ತಿರಲಿಲ್ಲ. ಬೇಕೆಂದರೆ ಗಾಜನ್ನೇ ಕಳಚಿಡಬೇಕು. ಬೇಸಿಗೆಯಲ್ಲಿ ಒಳಗೆ ಕೂತವರು ಬೆಂದರು. ಎಲ್ಲಕ್ಕಿಂತ ವಿಚಿತ್ರವಾದದ್ದು ಎಣ್ಣೆಯ ರಗಳೆ. ಕೀಲಿ ತಿರುಗಿಸಿ ಎಂಜಿನ್ ಆರಿಸಿದ ಮೇಲೂ ಅದರ ಸುತ್ತು ಪೂರ್ತಿ ನಿಲ್ಲುವವರೆಗೆ ಪಂಪು ಪೆಟ್ರೋಲ್ ಚಿಮ್ಮಿಸುತ್ತಲೇ ಇರುತ್ತಿತ್ತು. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆ ತೊಳೆದುಕೊಂಡು ಎಣ್ಣೆಗೆ ಸೇರಿ ಅದನ್ನು ನೀರುನೀರು ಮಾಡುತ್ತಿತ್ತು. ಎಣ್ಣೆ ಚೆನ್ನಾಗಿ ಕಾದರೆ ಆ ಪೆಟ್ರೋಲ್ ಆವಿಯಾಗಿ ಹೋಗಬಹುದು. ಆದರೆ ಡ್ರೈ ಸಂಪಿನ ಏರ್ಪಾಟಿನಲ್ಲಿ ಎಣ್ಣೆಯ ಪ್ರಮಾಣ ಜಾಸ್ತಿ. ಪೇಟೆಗೆ ಹೋಗಿ ಬರುವಷ್ಟು ಸಣ್ಣ ಓಡಾಟದಲ್ಲಿ ಅದು ಕಾಯುವುದೇ ಇಲ್ಲ. ಎಂಜಿನ್ ತಗ್ಗಿಸಲು ಮಾಡಿದ ಉಪಾಯ, ಬಲ ಏರಿಸಲು ಮಾಡಿದ ಉಪಾಯ, ಎರಡೂ ತಮ್ಮಷ್ಟಕ್ಕೆ ಸರಿ; ಸೇರಿದಲ್ಲಿ ಮೂರನೆಯ ತೊಂದರೆ ಹುಟ್ಟಿತು. ಯಜಮಾನರು ಪದೇ ಪದೇ ಎಣ್ಣೆ ಬದಲಿಸಬೇಕಾಯಿತು.

ಹಳೆಯ ಫಿಯಟ್ಟೋ ಅಂಬಾಸಿಡರೋ ಸಿಕ್ಕರೆ ಅದನ್ನು ತಗ್ಗಿಸಿ, ದೊಡ್ಡ ಎಂಜಿನ್ ಕೂರಿಸಿ ಮೆರೆಯಬೇಕೆಂಬ ಹಂಬಲ ಎಂಜಿನಿಯರಿಂಗ್ ಕಾಲೇಜಿನ ಹುಡುಗರಲ್ಲಿ ಇದ್ದದ್ದೇ. ಸ್ಪ್ರಿಂಗ್ ಕತ್ತರಿಸಿದರೆ ಕಾರು ಎರಡಂಗುಲ ಇಳಿಯುತ್ತದೆ ನಿಜ. ಚೇಂಬರೂ ಎರಡಂಗುಲ ಇಳಿದಿರುತ್ತದೆ. ಮೊದಲ ರೋಡ್ ಹಂಪ್‌ನಲ್ಲೇ ಎಣ್ಣೆ ರಸ್ತೆಯ ಪಾಲು. ಅನುಭವಸ್ಥ ಮೆಕ್ಯಾನಿಕ್ಕುಗಳು ಬಾನೆಟ್ ಮುಚ್ಚುವ ಮುಂಚೆ ಎಂಜಿನ್ನಿನ ಅತ್ಯಂತ ಎತ್ತರದ ಜಾಗದಲ್ಲಿ ಮಕ್ಕಳು ಆಡುವ ಬಣ್ಣದ ಜೇಡಿಮಣ್ಣಿನ ಉಂಡೆ ಇಟ್ಟು, ಬಾನೆಟ್ ಮುಚ್ಚಿ ತೆಗೆದು, ಚಪ್ಪಟೆಯಾದ ಉಂಡೆಯ ದಪ್ಪ ಅಳೆಯುತ್ತಾರೆ. ಅಷ್ಟೇ ಅಲ್ಲಿರುವ ಎಡೆ. ನಿಂತ ಎಂಜಿನ್ನಿಗೆ ಸಾಲುವ ಎಡೆ ಓಡುವ ಎಂಜಿನ್ನಿಗೆ ಸಾಲದು, ಏಕೆಂದರೆ ಎಕ್ಸಿಲರೇಟರ್ ಒತ್ತಿದಾಗ ಅದು ರಬ್ಬರ್ ಮೌಂಟಿಂಗ್ ಮೇಲೆ ಹೊರಳುತ್ತದೆ. ಅಪ್ಪಂದಿರು ತಿಳಿದಿರಬೇಕಾದ ಮಾತು ಇನ್ನೊಂದಿದೆ: ಅನುಮತಿಯಿಲ್ಲದೆ ಎಂಜಿನ್ ಬದಲಿಸುವುದು, ನೋಂದಣಿಯ ವಿವರಕ್ಕೆ ಹೊಂದದಂತೆ ಕಾರು ಮಾರ್ಪಡಿಸುವುದು 1988ರ ಮೋಟಾರು ವಾಹನ ಕಾಯ್ದೆಗೆ ವಿರುದ್ಧ.

ಸ್ಟಟ್‌ಗಾರ್ಟಿನಲ್ಲಿ ರೆಕ್ಕೆ ಬಾಗಿಲಿನ 1400 ಕಾರುಗಳಾದ ಮೇಲೆ, 1957ರಲ್ಲಿ ಚೌಕಟ್ಟನ್ನು ಮತ್ತೆ ಲೆಕ್ಕ ಹಾಕಿ ಪಕ್ಕದ ಜಾಲವನ್ನು ತಗ್ಗಿಸಿದರು. ಮಾಡು ತೆರೆಯುವ ಆ ಹೊಸ ಕಾರಿಗೆ ಎಲ್ಲ ಕಾರುಗಳ ಹಾಗೆ ಪಕ್ಕಕ್ಕೆ ತೆರೆಯುವ ಬಾಗಿಲು ಬಂತು, ಗಾಜು ಕೆಳಗಿಳಿಯಿತು. ಅಂಥವು 1858 ಆದವು. ಎಂಜಿನ್ ಮಾತ್ರ 1963ರಲ್ಲಿ ಕೊನೆಯ ಕಾರು ಹೊರಬೀಳುವವರೆಗೂ ಎಡಕ್ಕೆ ಓರೆಯಾಗಿಯೇ ಕೂತಿತ್ತು.